ಮಂಡಿನೋವಿನ ಅಪ್ಪನನ್ನು ಕಾಂಗರೀ ಕಾಡಿಗೆ ಕರೆದುಕೊಂಡು ಹೋಗಬಹುದಾ? ಹೋಗಿಬಂದವರು ಹೇಳಿ

ಶಾರ್ಲೆಟ್ ಮನೆಯವಳು: ಅಪ್ಪ-ಅಮ್ಮ ಊರಿಂದ ಬಂದಿದ್ದಾರೆ, ನವೆಂಬರ್‌ವರೆಗೆ ಇರ್ತಾರೆ. ಮಾಲ್ ಸುತ್ತಿ ಸುತ್ತಿ ಅಮ್ಮನಿಗೆ ಬೇಜಾರು ಬಂದಿದೆ. ಅಪ್ಪನಿಗೆ ಮಂಡಿನೋವು, ಏರು ಹತ್ತೋಕಾಗಲ್ಲ. ಸೌತ್ ಕೆರೊಲೈನಾದ ಕಾಂಗರೀ ನ್ಯಾಷನಲ್ ಪಾರ್ಕ್ ಸಪಾಟಾಗಿದೆ ಅಂತಾರೆ. ನಿಜಾನಾ? ಯಾವಾಗ ಹೋದ್ರೆ ಒಳ್ಳೇದು?

ಕೊಲಂಬಿಯಾ ಕನ್ನಡಿಗ: ಕಣ್ಮುಚ್ಚಿಕೊಂಡು ಹೋಗಿ. ನಮ್ಮೂರಿಂದ ಅರ್ಧ ಗಂಟೆ, ನಿಮಗೆ ಎರಡು ಗಂಟೆ ಆಗಬಹುದು. ಪ್ರವೇಶ ಶುಲ್ಕ ಇಲ್ಲ. ವಿಸಿಟರ್ ಸೆಂಟರ್ ಹಿಂದೆಯೇ ಮರದ ಹಲಗೆ ಹಾಸಿದ ಬೋರ್ಡ್‌ವಾಕ್ ಶುರುವಾಗುತ್ತೆ. ಒಂದು ಸುತ್ತು 2.6 ಮೈಲಿ, ಅಂದ್ರೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ಗಾಲಿಕುರ್ಚಿಯೂ ಹೋಗುತ್ತೆ. ಕೂರೋಕೆ ಬೆಂಚುಗಳಿವೆ. ಪೂರ್ತಿ ಸುತ್ತಲೇಬೇಕು ಅಂತೇನಿಲ್ಲ, ಸಾಕೆನಿಸಿದಲ್ಲಿಂದ ವಾಪಸ್ ಬನ್ನಿ.

ಇಲ್ಲಿ ಯೋಚನೆ ಮಾಡಬೇಕಾದ್ದು ಮಂಡಿಯ ಬಗ್ಗೆ ಅಲ್ಲ, ಸೊಳ್ಳೆ ಮತ್ತು ನೀರಿನ ಬಗ್ಗೆ. ವಿಸಿಟರ್ ಸೆಂಟರಿನಲ್ಲಿ ‘ಸೊಳ್ಳೆ ಮೀಟರ್’ ಅಂತ ಒಂದು ಫಲಕ ಇದೆ. ಒಂದು ಅಂದ್ರೆ ಆರಾಮು, ಆರು ಅಂದ್ರೆ ಯುದ್ಧಭೂಮಿ. ತಮಾಷೆಗೆ ಹಾಕಿದ್ದಾರೆ ಅಂದ್ಕೊಂಡು ಜುಲೈನಲ್ಲಿ ಅತ್ತೆ-ಮಾವನ್ನ ಕರ್ಕೊಂಡು ಹೋಗಿದ್ದೆ. ಆ ಮಾತು ಮನೇಲಿ ಇವತ್ತಿಗೂ ಬರುತ್ತೆ.

ಸಿದ್ದಾಪುರದ ಮಾಣಿ: ನಾವು ಹೋಗಿದ್ದು ನವೆಂಬರ್ ಮೊದಲ ವಾರ. ಸೈಪ್ರೆಸ್ ಮರದ ಸುತ್ತ ನೆಲದಿಂದ ಮೊಣಕಾಲಿನ ಹಾಗೆ ಮೇಲೆದ್ದ ಬೇರುಗಳನ್ನು ನೋಡಿದ್ದೇ ತಡ, ಅಪ್ಪಯ್ಯ ನಿಂತೇಬಿಟ್ಟರು. “ತಮಾ, ಇದು ನಮ್ಮ ಬದಿ ರಾಮಪತ್ರೆ ಜಡ್ಡಿ ಇದ್ದಾಂಗೇ ಇದ್ದಲಾ!” ಸುಳ್ಳಲ್ಲ. ನಮ್ಮ ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಯಲ್ಲೂ (ರಾಮಪತ್ರೆ ಮರ ಬೆಳೆಯೋ ಜೌಗು ನೆಲ) ಬೇರು ಹೀಗೇ ಮಂಡಿ ಮಡಚಿಕೊಂಡು ಕೆಸರಿನಿಂದ ಮೇಲೆ ಬಂದಿರ್ತವೆ. ಅಲ್ಲಿಯ ಮರದ ಕುಲವೇ ಬೇರೆ, ಇಲ್ಲಿಯದೇ ಬೇರೆ, ಆದರೆ ನೀರು ನಿಂತ ನೆಲದಲ್ಲಿ ಎರಡೂ ಹಿಡಿದ ದಾರಿ ಒಂದೇ. ಟುಪೆಲೋ ಮರದ ಬುಡವಂತೂ ಗುಡಾಣದ ಹಾಗೆ ಊದಿಕೊಂಡಿದೆ. ಲಾಬ್ಲಾಲಿ ಪೈನ್ 160 ಅಡಿ ದಾಟಿದ್ದೂ ಇದೆ, ತಲೆ ಎತ್ತಿ ನೋಡುವಾಗ ಅಪ್ಪಯ್ಯನ ಟೋಪಿ ಬಿತ್ತು.

ನದಿ ವರ್ಷಕ್ಕೆ ಸುಮಾರು ಹತ್ತು ಸಲ ಉಕ್ಕಿ ಕಾಡಿಗೆ ನುಗ್ಗುತ್ತೆ. ಆ ಮೆಕ್ಕಲು ಮಣ್ಣಿನಿಂದಲೇ ಮರಗಳಿಗೆ ಈ ಎತ್ತರ. ನೀರು ಬಂದಾಗ ತಗ್ಗಿನ ಹಲಗೆದಾರಿ ಮುಳುಗಿರುತ್ತೆ. ಹೊರಡೋ ಮೊದಲು ಪಾರ್ಕಿನ ಸೂಚನೆ ನೋಡ್ಕೊಳ್ಳಿ.

ರಾಲಿ ಅಕ್ಕ: ಮಿಂಚುಹುಳಕ್ಕೆ ಹೋಗಿ ಅಂತ ಯಾರೂ ಹೇಳಲಿಲ್ವಾ? ಮೇ-ಜೂನ್ ಹೊತ್ತಿಗೆ ಸುಮಾರು ಎರಡು ವಾರ, ಸಾವಿರಾರು ಹುಳ ಒಂದೇ ತಾಳಕ್ಕೆ ಮಿನುಗ್ತವೆ. ಸಂಜೆ ನೋಡೋಕೆ ಲಾಟರಿಯಲ್ಲಿ ಪಾಸ್ ಸಿಗಬೇಕು.

ಕೊಲಂಬಿಯಾ ಕನ್ನಡಿಗ: ಅಕ್ಕಾ, ಅವರ ಅಪ್ಪ-ಅಮ್ಮ ನವೆಂಬರಿಗೆ ವಾಪಸ್ ಹೋಗ್ತಾರೆ!

ರಾಲಿ ಅಕ್ಕ: ಅಯ್ಯೋ, ಸರಿ. ಮುಂದಿನ ಸಲ ಮೇನಲ್ಲೇ ಕರೆಸಿಕೊಳ್ಳಿ. ಈಗ ಹೋದ್ರೆ ಊಟ ಕಟ್ಕೊಂಡೇ ಹೋಗಿ, ಒಳಗೆ ಹೋಟೆಲ್ ಇಲ್ಲ. ಶೌಚಾಲಯ ವಿಸಿಟರ್ ಸೆಂಟರಲ್ಲಿ ಮಾತ್ರ, ದಾರೀಲಿ ಸಿಗಲ್ಲ. ಹಿರಿಯರಿಗೆ ಇದು ಮೊದಲೇ ಹೇಳಿಬಿಡಿ. ಮಳೆ ಬಿದ್ದ ಮಾರನೇ ದಿನ ಹಲಗೆ ಜಾರುತ್ತೆ, ಅಪ್ಪನಿಗೆ ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕಿಸಿ.

ಹಳೇ ಪತ್ರಕರ್ತ: ವಿಸಿಟರ್ ಸೆಂಟರಿಗೆ ಹ್ಯಾರಿ ಹ್ಯಾಂಪ್ಟನ್ ಅಂತ ಹೆಸರಿದೆ, ಗಮನಿಸಿ. ಪತ್ರಿಕೆಯಲ್ಲಿದ್ದ ಮನುಷ್ಯ, 1950ರ ದಶಕದಿಂದಲೇ ಈ ಕಾಡು ಉಳಿಯಬೇಕು ಅಂತ ಬರೆದವರು. 1969ರಲ್ಲಿ ಮತ್ತೆ ಕೊಡಲಿ ಬಿದ್ದಾಗ ಜನ ಎದ್ದರು. 1976ರಲ್ಲಿ ರಾಷ್ಟ್ರೀಯ ಸ್ಮಾರಕ ಆಯ್ತು, 2003ರಲ್ಲಿ ನ್ಯಾಷನಲ್ ಪಾರ್ಕ್. ಅಪ್ಪನಿಗೆ ಇಂಥದ್ದರಲ್ಲಿ ಆಸಕ್ತಿ ಇದ್ರೆ ದಾರೀಲಿ ಹೇಳ್ತಾ ಹೋಗಿ, ನೋವು ಮರೆಯುತ್ತೆ.

ಶಾರ್ಲೆಟ್ ಮನೆಯವಳು: ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿಬಂದ್ವಿ. ಮೀಟರ್ ಎರಡರಲ್ಲಿತ್ತು. ವೆಸ್ಟನ್ ಕೆರೆ ತನಕ ಸಾಕು ಅಂತಿದ್ದ ಅಪ್ಪ ಅಲ್ಲಿ ನೀರಿನಲ್ಲಿ ತೇಲೋ ಆಮೆಗಳನ್ನ ನೋಡ್ತಾ ಕೂತು, ಆಮೇಲೆ ಪೂರ್ತಿ ಸುತ್ತು ಮುಗಿಸಿದ್ರು. ಬೆಂಚು ಕಂಡಲ್ಲೆಲ್ಲ ಕೂತರು, ಎರಡೂವರೆ ಗಂಟೆ ಹಿಡೀತು. ಅಮ್ಮನ ತಕರಾರು ಒಂದೇ: ಕಟ್ಟಿಕೊಂಡು ಹೋದ ಮೊಸರನ್ನ ಸಾಕಾಗಲಿಲ್ಲ.