ಸ್ಕ್ಯಾನ್ ಮಾಡಿದ್ದಾಯಿತು, ಈಗ ಈ ಪಟ್ಟಿ ಇಟ್ಟುಕೊಂಡು ಏನು ಮಾಡಬೇಕು?

ಹೊಸ_ಅಡ್ಮಿನ್:
ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಹಿಂದಿನವರು ಬಿಟ್ಟುಹೋದ ಎಕ್ಸೆಲ್ ಶೀಟಿಗೂ ನಿಜವಾಗಿ ಇರುವುದಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ನೆಟ್‌ವರ್ಕಿನಲ್ಲಿ ಯಾವ ಯಂತ್ರಗಳಿವೆ ಅಂತ ಹುಡುಕುವ ಎನ್‌ಮ್ಯಾಪ್ ಟೂಲಿನಲ್ಲಿ ಎಲ್ಲ ಸಬ್‌ನೆಟ್ (ನೆಟ್‌ವರ್ಕಿನ ಭಾಗಗಳು) ಸ್ಕ್ಯಾನ್ ಮಾಡಿದೆ. ಉದ್ದನೆಯ ಪಟ್ಟಿ ಬಂತು, ಅರ್ಧಕ್ಕೆ ಹೆಸರೇ ಇಲ್ಲ, ಬರೀ ಐಪಿ. ಕಣ್ಣೆದುರೇ ಆನ್ ಇರುವ ಕೆಲವು ಪಿಸಿಗಳು ಪಟ್ಟಿಯಲ್ಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದರೆ ಲೆಕ್ಕವೇ ಬೇರೆ. ಇದನ್ನೇ ಅಸೆಟ್ ರಿಜಿಸ್ಟರ್ (ಆಫೀಸಿನ ಯಂತ್ರಗಳ ಅಧಿಕೃತ ದಾಖಲೆ) ಅಂತ ಇಟ್ಟುಕೊಳ್ಳಬಹುದಾ? ಇಲ್ಲಾ ದುಡ್ಡು ಕೊಟ್ಟು ಟೂಲ್ ತಗೊಳ್ಳಬೇಕಾ?

ಪ್ಯಾಕೆಟ್_ಹುಳ:
ಪಿಸಿ ಕಾಣದೇ ಇರುವುದಕ್ಕೆ ಹೆಚ್ಚಾಗಿ ಫೈರ್‌ವಾಲ್ ಕಾರಣ. ಒಂದೇ ಸಬ್‌ನೆಟ್‌ನೊಳಗೆ ಎನ್‌ಮ್ಯಾಪ್ ಎಆರ್‌ಪಿ (ಈ ಐಪಿ ಯಾರದ್ದು ಅಂತ ಕೂಗಿ ಕೇಳುವುದು) ಬಳಸುತ್ತದೆ, ಅದಕ್ಕೆ ಉತ್ತರ ಕೊಡದೆ ಯಾವ ಪಿಸಿಯೂ ನೆಟ್‌ವರ್ಕಿನಲ್ಲಿ ಬದುಕುವುದಿಲ್ಲ. ಆದರೆ ನಡುವೆ ರೌಟರ್ ಇದ್ದರೆ ಪಿಂಗ್ ಮಾಡಿ, 80 ಮತ್ತು 443 ಪೋರ್ಟ್ (ವೆಬ್ ಸೇವೆಯ ಬಾಗಿಲು ನಂಬರ್‌ಗಳು) ತಟ್ಟಿ ನೋಡುತ್ತದೆ, ಯಾರೂ ಮಾತಾಡದಿದ್ದರೆ "ಇಲ್ಲ" ಅಂದುಬಿಡುತ್ತದೆ. ಹಾಗಾಗಿ ಪ್ರತಿ ವಿಎಲ್ಯಾನ್ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್) ಒಳಗಿನಿಂದಲೇ ಸ್ಕ್ಯಾನ್ ಮಾಡಿ. ಜೊತೆಗೆ ಡಿಎಚ್‌ಸಿಪಿ ಲೀಸ್ (ಯಾರಿಗೆ ಯಾವ ಐಪಿ ಹಂಚಿದೆ ಅನ್ನುವ ಪಟ್ಟಿ), ರೌಟರ್‌ನ ಎಆರ್‌ಪಿ ಟೇಬಲ್, ಸ್ವಿಚ್‌ಗಳ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಟೇಬಲ್ ತೆಗೆದು ಸೇರಿಸಿ. ಐಪಿವಿ6 ಇದ್ದರಂತೂ ಇದೇ ದಾರಿ, ಒಂದು /64 ಸಬ್‌ನೆಟ್ಟಿನ ಲೆಕ್ಕವಿಲ್ಲದಷ್ಟು ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತಾ ಕೂತರೆ ಆಯಸ್ಸು ಸಾಲುವುದಿಲ್ಲ.

ರ್‍ಯಾಕ್_ಕೆಳಗಿನವನು:
ಸ್ಕ್ಯಾನ್ ಪಟ್ಟಿಯನ್ನೇ ರಿಜಿಸ್ಟರ್ ಮಾಡಿಕೊಳ್ಳಬೇಡಿ. ರಿಜಿಸ್ಟರಿಗೆ ಹೋಲಿಸಿ ನೋಡಿ, ಸ್ಕ್ಯಾನ್ ಇರುವುದೇ ಅದಕ್ಕೆ.

ಮೊದಲು ಗುರುತಿನ ವಿಷಯ ಬಗೆಹರಿಸಿಕೊಳ್ಳಿ. ಐಪಿ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಮ್ಯಾಕ್ ನಂಬೋಣ ಅಂದರೆ ಒಂದೇ ಲ್ಯಾಪ್‌ಟಾಪಿಗೆ ವೈಫೈದು ಒಂದು, ಕೇಬಲ್ಲಿನದು ಒಂದು, ಡಾಕ್ ಹಾಕಿದರೆ ಮತ್ತೊಂದು, ಹಾಗೆ ಒಂದೇ ಯಂತ್ರ ಪಟ್ಟಿಯಲ್ಲಿ ಮೂರು ಸಲ ಬಂದು ಕೂರುತ್ತದೆ. ಫೋನುಗಳು ಮ್ಯಾಕ್ ಬದಲಿಸುತ್ತಲೇ ಇರುತ್ತವೆ. ಸೀರಿಯಲ್ ನಂಬರ್ ಒಂದೇ ಗಟ್ಟಿ, ವರ್ಚುವಲ್ ಮಷಿನ್ ಆದರೆ ಯುಯುಐಡಿ (ಅದಕ್ಕೆ ಮಾತ್ರ ಇರುವ ಗುರುತು ಸಂಖ್ಯೆ). ಇದು ಹೊರಗಿನಿಂದ ತಟ್ಟಿದರೆ ಸಿಗುವುದಿಲ್ಲ, ಒಳಗೆ ಹೋಗಿ ಕೇಳುವ ದಾರಿಗೆ ಲಾಗಿನ್ ಬೇಕು: ಸ್ವಿಚ್, ಪ್ರಿಂಟರಿಗೆ ಎಸ್‌ಎನ್‌ಎಂಪಿ ವಿ3, ಲಿನಕ್ಸಿಗೆ ಎಸ್‌ಎಸ್‌ಎಚ್, ವಿಂಡೋಸಿಗೆ ವಿನ್‌ಆರ್‌ಎಂ. ಓದಲು ಮಾತ್ರ ಹಕ್ಕಿರುವ ಬೇರೆ ಅಕೌಂಟ್ ಮಾಡಿ. ದಯವಿಟ್ಟು ಡೊಮೇನ್ ಅಡ್ಮಿನ್ (ಆಫೀಸಿನ ವಿಂಡೋಸ್ ಯಂತ್ರಗಳ ಮೇಲೆ ಪೂರ್ತಿ ಹಕ್ಕಿರುವ ಅಕೌಂಟ್) ಪಾಸ್‌ವರ್ಡನ್ನು ಸ್ಕ್ಯಾನರ್ ಕೈಗೆ ಕೊಡಬೇಡಿ.

ಆಮೇಲೆ ಹೋಲಿಸಿ. ರಿಜಿಸ್ಟರ್‌ನಲ್ಲಿ ಇಲ್ಲದ್ದು ಸ್ಕ್ಯಾನ್‌ನಲ್ಲಿ ಕಂಡರೆ ಅದೇ ದಿನ ಹುಡುಕಬೇಕು. ರಿಜಿಸ್ಟರ್‌ನಲ್ಲಿದ್ದು ಕಾಣದಿದ್ದರೆ ಅಳಿಸಬೇಡಿ, ಕೊನೆಯ ಸಲ ಕಂಡ ತಾರೀಖು ಮಾತ್ರ ಬರೆದಿಡಿ, ಆ ಮನುಷ್ಯ ರಜೆಯಲ್ಲಿರಬಹುದು ಅಲ್ವಾ. ಎರಡು ಸ್ಕ್ಯಾನ್‌ಗಳ ವ್ಯತ್ಯಾಸ ತೋರಿಸಲು ಎನ್‌ಮ್ಯಾಪ್ ಜೊತೆಗೇ ಎನ್‌ಡಿಫ್ ಬರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಸೇವ್ ಮಾಡಿದ್ದರೆ ಸಾಕು.

ಕಾಗದ_ಸಿಕ್ಕಿದೆ:
ಪ್ರಿಂಟರ್ ಹುಷಾರು. 9100 ಪೋರ್ಟಿಗೆ ಏನು ಕಳಿಸಿದರೂ ಸುಮ್ನೆ ಪ್ರಿಂಟ್ ಮಾಡುತ್ತಾ ಹೋಗುತ್ತವೆ. ಎನ್‌ಮ್ಯಾಪ್ ವರ್ಷನ್ ಸ್ಕ್ಯಾನ್ (ಪೋರ್ಟಿನಲ್ಲಿ ಯಾವ ಸಾಫ್ಟ್‌ವೇರ್ ಇದೆ ಅಂತ ಕೇಳುವುದು) ಅದನ್ನು ತಾನಾಗಿಯೇ ಬಿಡುತ್ತದೆ, ಬೇರೆ ಟೂಲ್ ಬಿಡುತ್ತದೆ ಅಂತ ಹೇಳಲಾಗದು. ಹಳೆಯ ಪಿಎಲ್‌ಸಿಗಳು (ಕಾರ್ಖಾನೆ ಯಂತ್ರ ನಡೆಸುವ ಕಂಟ್ರೋಲರ್‌ಗಳು) ಜೋರಾದ ಸ್ಕ್ಯಾನಿಗೆ ಹ್ಯಾಂಗ್ ಆಗಬಹುದು. ಸೆಕ್ಯುರಿಟಿ ಟೀಮಿಗೂ ಮೊದಲೇ ಹೇಳಿಬಿಡಿ.

ಹೊಸ_ಅಡ್ಮಿನ್:
ಸರಿ. ಯಂತ್ರ ಯಾರದ್ದು, ವಾರಂಟಿ ಯಾವಾಗ ಮುಗಿಯುತ್ತದೆ, ಇದೆಲ್ಲ ಸ್ಕ್ಯಾನ್‌ನಿಂದ ಬರಲ್ಲ ಅಲ್ವಾ? ಮತ್ತೆ ಹೋಲಿಸಿ ನೋಡಿದೆ, ರಿಜಿಸ್ಟರ್‌ನಲ್ಲಿ ಇಲ್ಲದ ಒಂದು ಡಿವೈಸ್‌ನಲ್ಲಿ 23ನೇ ಪೋರ್ಟ್ ಓಪನ್ ಇದೆ. ಎಲ್ಲಿದೆ ಅಂತಲೇ ಗೊತ್ತಿಲ್ಲ.

ರ್‍ಯಾಕ್_ಕೆಳಗಿನವನು:
ಬರಲ್ಲ, ಕೈಯಲ್ಲೇ ತುಂಬಬೇಕು. ಆ ಕಾಲಮ್ಮುಗಳನ್ನು ಸ್ಕ್ಯಾನ್ ಮುಟ್ಟದ ಹಾಗೆ ನೋಡಿಕೊಳ್ಳಿ. ಟೂಲ್‌ಗೆ ದುಡ್ಡು ಈಗಲೇ ಬೇಡ, ರಿಜಿಸ್ಟರ್ ಇಡಲು ಪುಕ್ಕಟೆ ಸಿಗುವ ಜಿಎಲ್‌ಪಿಐ ಅಥವಾ ನೆಟ್‌ಬಾಕ್ಸ್ ಸಾಕು. ನೆಟ್‌ಬಾಕ್ಸ್‌ನವರಂತೂ ನೆಟ್‌ವರ್ಕ್ ಹೇಗಿರಬೇಕು ಅನ್ನುವುದನ್ನು ಬರೆದಿಡಿ, ಈಗ ಹೇಗಿದೆಯೋ ಅದನ್ನು ತಾನಾಗಿಯೇ ತುಂಬಿಸಬೇಡಿ ಅನ್ನುತ್ತಾರೆ.

23 ಅಂದರೆ ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೆಯ ವಿಧಾನ), ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಹೋಗುತ್ತದೆ. ಆ ಮ್ಯಾಕ್ ಯಾವ ಸ್ವಿಚ್ಚಿನ ಯಾವ ಪೋರ್ಟಿನಲ್ಲಿದೆ (ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ಜಾಗ) ನೋಡಿ, ಅಲ್ಲಿಂದ ಕೇಬಲ್ ಹಿಡಿದು ಹೋಗಿ. ಪೋರ್ಟ್ ಶಟ್ ಮಾಡುವ ಮೊದಲು ಅದರ ಹಿಂದೆ ಎಷ್ಟು ಮ್ಯಾಕ್ ಇವೆ ಅಂತ ಎಣಿಸಿ. ಜಾಸ್ತಿ ಇದ್ದರೆ ನಡುವೆ ಯಾರೋ ಇನ್ನೊಂದು ಸ್ವಿಚ್ ಹಾಕಿರುತ್ತಾರೆ, ಶಟ್ ಮಾಡಿದರೆ ಅಷ್ಟೂ ಜನರ ಕನೆಕ್ಷನ್ ಹೋಗುತ್ತದೆ.