ಮಿಲಿಟರಿ ಡಿಸ್ಪೋಸಲ್ ಲಾರಿ: ತಗೊಳ್ಳಲಾ, ಬೇಡವಾ?

ಕೇಳಿದವರು, ಸಕಲೇಶಪುರ ಕಡೆ

ನಮ್ಮದು ಸಣ್ಣ ಕಾಫಿ ತೋಟ. ಪಕ್ಕದ ಊರಿನವರ ಶೆಡ್ಡಿನಲ್ಲಿ ಒಂದು ಶಕ್ತಿಮಾನ್ ಲಾರಿ ಆರು ವರ್ಷದಿಂದ ನಿಂತಿದೆ. ಮಿಲಿಟರಿ ಹರಾಜಿನಲ್ಲಿ ಬಂದದ್ದಂತೆ. ಅದನ್ನು ಕೊಂಡು, ಮೊದಲಿದ್ದ ಹಾಗೇ ಹಸಿರು ಬಣ್ಣ ಬಳಿದು, ಮಳೆಗಾಲದಲ್ಲಿ ತೋಟದೊಳಗೆ ಓಡಿಸುವ ಆಸೆ. ಅಪ್ಪ ಬೈತಾ ಇದ್ದಾರೆ. ಅನುಭವ ಇದ್ದವರು ಹೇಳಿ.

ಮೂಡಿಗೆರೆಯಿಂದ

ಅಂಥದೇ ಒಂದು ಗಾಡಿ ನಾನೂ ತಗೊಂಡಿದ್ದೆ. ಜರ್ಮನಿಯ ಮ್ಯಾನ್ ಕಂಪನಿಯ ಡಿಸೈನು, ಜಬಲ್ಪುರದಲ್ಲಿ ತಯಾರಾದದ್ದು. ಕಬ್ಬಿಣ ಗಟ್ಟಿ, ಅದರ ಬಗ್ಗೆ ಚಿಂತೆ ಬೇಡ. ನನಗೆ ಕಣ್ಣೀರು ಹಾಕಿಸಿದ್ದು ಕಾಗದ.

ಗಾಡಿ ಸೇನೆ ಬಿಟ್ಟ ಮೇಲೆ ಬಾಣದ ಗುರುತಿನ ಆ ಮಿಲಿಟರಿ ನಂಬರಿಗೆ ಬೆಲೆ ಇಲ್ಲ. ಆರ್‌ಟಿಒದಲ್ಲಿ ಹೊಸದಾಗಿ ರಿಜಿಸ್ಟರ್ ಆಗಬೇಕು. ಅದಕ್ಕೆ ಮಾರಿದ ಮಿಲಿಟರಿ ಕಚೇರಿಯವರು ಕೊಟ್ಟ ಫಾರಂ 21, ಅಂದರೆ ಮಾರಾಟದ ಸರ್ಟಿಫಿಕೇಟು, ಅಸಲೇ ಬೇಕು. ಜೆರಾಕ್ಸ್ ನಡೆಯುವುದಿಲ್ಲ. ನನ್ನ ಹತ್ತಿರ ಅಸಲೂ ಇತ್ತು. ಆದರೂ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಾಗ ಒಂದು ಅಂಕಿ ತಾಳೆಯಾಗಲಿಲ್ಲ. ಕಾಗದದಲ್ಲಿ 3, ಚಾಸಿಯಲ್ಲಿ 8! ವರ್ಷವರ್ಷವೂ ಬಣ್ಣದ ಮೇಲೆ ಬಣ್ಣ ಬಳಿದು ಅಂಕಿ ಅರ್ಧ ಮುಚ್ಚಿಹೋಗಿತ್ತು, ಬರೆದುಕೊಂಡವರು ಕಂಡಷ್ಟನ್ನೇ ಬರೆದಿದ್ದರು. ತಿದ್ದಿಸುವುದಕ್ಕೆ ಏಳು ತಿಂಗಳು ಹಿಡಿಯಿತು.

ಹಾಗಾಗಿ ಇಂಜಿನ್ ನೋಡುವ ಮೊದಲೇ ಸೀಮೆಎಣ್ಣೆ, ತಂತಿ ಬ್ರಷ್ಷು ಹಿಡಿದು ಹೋಗಿ. ಬಣ್ಣ ಕೆರೆದು, ನಂಬರ್ ಓದಿ, ಕಾಗದದ ಜೊತೆ ಒಂದೊಂದೇ ಅಂಕಿ ಹೊಂದಿಸಿ ನೋಡಿ. "ತೋಟದೊಳಗೆ ತಾನೇ, ರಿಜಿಸ್ಟರ್ ಯಾಕೆ" ಅಂತೀರಿ. ತೋಟದ ಎರಡು ಭಾಗದ ನಡುವೆ ಪಂಚಾಯಿತಿ ರಸ್ತೆ ಇದ್ದರೆ ಅದೂ ಸಾರ್ವಜನಿಕ ರಸ್ತೆಯೇ.

ಮಡಿಕೇರಿಯಿಂದ, ನಿವೃತ್ತ ಇಎಂಇ (ಸೇನೆಯ ಗಾಡಿ, ಯಂತ್ರ ರಿಪೇರಿ ವಿಭಾಗ) ಹವಾಲ್ದಾರ್

ತಮ್ಮಾ, ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಿ ತೋರಿಸ್ತೀವಿ ಅಂದರೆ ಒಪ್ಪಬೇಡ. ಆರು ವರ್ಷ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿಗೆ ಹಿಡಿದುಕೊಂಡಿರಬಹುದು. ಇಂಜೆಕ್ಟರ್ ಬಿಚ್ಚಿಸಿ, ಆರೂ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಇಡು. ಆಮೇಲೆ ಮುಂದಿನ ಪುಲ್ಲಿಗೆ ದೊಡ್ಡ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸು. ಪೂರ್ತಿ ಎರಡು ಸುತ್ತು ಬಂದರೆ ಮುಂದಿನ ಮಾತು. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆ, ಇಲ್ಲದಿದ್ದರೆ ಕೆಳಗಿನ ಕೆಸರೆಲ್ಲ ಪಂಪಿಗೆ ಹೋಗುತ್ತದೆ.

ಮಲೆನಾಡಿನ ತೇವಕ್ಕೆ ಬ್ರೇಕಿನ ವೀಲ್ ಸಿಲಿಂಡರ್ ತುಕ್ಕು ಹಿಡಿದೇ ಇರುತ್ತದೆ. ಬ್ರೇಕ್ ಇದೆ ಅಂತ ನಂಬಿ ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಸಬೇಡ, ಲೋ ಬೆಡ್ ಟ್ರೈಲರ್ ಮೇಲೆ ಹೇರಿಸಿ ತರಿಸು. ಟೈರಿನ ಬಟನ್ (ಮೇಲಿನ ಉಬ್ಬು) ಹೊಸದರ ಹಾಗೆ ಕಾಣುತ್ತದೆ, ಮೋಸ ಹೋಗಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕು. 2309 ಅಂದರೆ 2009ರ 23ನೇ ವಾರ. ಅಂಥ ಟೈರು ಲೋಡು ಬಿದ್ದ ದಿನ ಒಡೆಯುತ್ತದೆ.

ಇನ್ನೊಂದು, ಟಾರು ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಹಾಕ್ಕೊಂಡು ಓಡಿಸಬೇಡ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದನ್ನೊಂದು ಎಳೆಯುತ್ತವೆ. ಕೆಸರಲ್ಲಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಟಾರಿನ ಮೇಲೆ ಆ ಎಳೆತವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಬೆಂಗಳೂರಿನಿಂದ

ಹಸಿರು ಬಣ್ಣದ ಆಸೆ ಬಿಡಿ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಾನು ಬೂದು ಬಳಿಸಿದೆ. ನೋಡಿದವರೆಲ್ಲ ಪುರಸಭೆ ಲಾರಿಯಾ ಅಂತ ಕೇಳುತ್ತಾರೆ! 2021ರ ವಿಂಟೇಜ್ ನಿಯಮದಲ್ಲಿ ಮಾಡಿಸೋಣ ಅಂದರೆ ಅದು 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗಳಿಗೆ. ಹಳೆ ಜೋಂಗಾಗೆ (ಮಿಲಿಟರಿ ಜೀಪಿನಂಥ ಗಾಡಿ) ಸರಿಹೋದೀತು, ಸರಕಿನ ಲಾರಿಗೆ ಅಲ್ಲ.

ಹಾಸನದಿಂದ

ನೇರ ಎಂಎಸ್‌ಟಿಸಿ (ಸರ್ಕಾರಿ ಹರಾಜು ಕಂಪನಿ) ಇ-ಹರಾಜಿಗೆ ಹೋಗುವ ಯೋಚನೆ ಇದ್ದರೆ ಲಾಟನ್ನು, ಅಂದರೆ ಹರಾಜಿಗಿಟ್ಟ ಮಾಲನ್ನು, ಕಣ್ಣಾರೆ ನೋಡದೆ ಬಿಡ್ ಮಾಡಬೇಡಿ. ಇದ್ದಲ್ಲಿ ಇದ್ದ ಹಾಗೆ ಮಾರಾಟ, ಆಮೇಲೆ ತಕರಾರು ಇಲ್ಲ. ನನಗೆ ಬಂದದ್ದರಲ್ಲಿ ಬ್ಯಾಟರಿ, ಡೈನಮೋ ಎರಡೂ ಇರಲಿಲ್ಲ. ಹೇಳಿದ ದಿನದೊಳಗೆ ಎತ್ತದಿದ್ದರೆ ನೆಲಬಾಡಿಗೆ ಬೇರೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸೀಮೆಎಣ್ಣೆ, ತಂತಿ ಬ್ರಷ್ಷು ಹಿಡಿದು ಹೋಗಿದ್ದೆ. ಮೂರು ಪದರ ಬಣ್ಣದ ಕೆಳಗೆ ನಂಬರ್ ಸಿಕ್ಕಿತು, ಸ್ಪಷ್ಟವಾಗಿದೆ. ಫಾರಂ 21 ಎಲ್ಲಿ ಅಂದರೆ ಅಜ್ಜಿಯ ಪೆಟ್ಟಿಗೆಯಲ್ಲಿದೆ, ಕೀಲಿಕೈ ಹುಡುಕಬೇಕು ಅಂದರು. ಅಡ್ವಾನ್ಸ್ ಕೊಟ್ಟಿಲ್ಲ. ಹವಾಲ್ದಾರರೇ, ಟೈರಿನಲ್ಲಿ ಇರೋದು 1108.