ಎಲ್ಲರೂ ಬಳಸುವ ಒಂದೇ ಲ್ಯಾಪ್‌ಟಾಪಿಗೆ ಯಾರ ವಯಸ್ಸು ಕೊಡುವುದು?

ಪೆರ್ಲದಿಂದ
ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಶಾಲೆಯ ಲ್ಯಾಬಿನಲ್ಲಿರುವ ಕೈಟ್ ಗ್ನೂ/ಲಿನಕ್ಸನ್ನೇ (ವಿಂಡೋಸ್ ಬದಲಿಗೆ ಕೇರಳದ ಶಾಲೆಗಳಲ್ಲಿ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಮನೆಯ ಹಳೆ ಲ್ಯಾಪ್‌ಟಾಪಿಗೂ ಹಾಕಿಸಿದ್ದೇವೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಬೆಳಿಗ್ಗೆ ನಾನು ಹಾಲಿನ ಸೊಸೈಟಿಯ ಲೆಕ್ಕ ಬರೆಯುತ್ತೇನೆ, ಸಂಜೆ ಮಗಳು ಓದುತ್ತಾಳೆ, ರಾತ್ರಿ ಮಾವ ಯಕ್ಷಗಾನ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2027ರ ಜನವರಿ 1ರಿಂದ ಆಪರೇಟಿಂಗ್ ಸಿಸ್ಟಮ್ಮೇ ವಯಸ್ಸು ಕೇಳಬೇಕಂತೆ. ನಾಳೆ ಇಲ್ಲಿಗೂ ಬಂದರೆ ಆಧಾರ್ ಕೊಡಬೇಕಾಗುತ್ತದಾ? ಕೇಳಲು ಕಾರಣ ಇದೆ. ಕಳೆದ ವರ್ಷ ಒಂದು ಅರ್ಜಿಗೆಂದು ಮಗಳ ಆಧಾರ್ ಜೆರಾಕ್ಸ್ ಕೊಟ್ಟಿದ್ದೆ, ಎರಡು ವಾರ ಕಳೆದು ಅದೇ ಹಾಳೆಯ ಹಿಂದೆ ಬೇರೆ ಯಾರದೋ ಬಿಲ್ಲು ಪ್ರಿಂಟ್ ಆಗಿದ್ದದ್ದು ನನ್ನ ಕಣ್ಣಿಗೇ ಬಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕುಂಬಳೆ_ಲಿನಕ್ಸ್
ಅಕ್ಕ, ಆ ಕಾನೂನಿನಲ್ಲಿ ಗುರುತಿನ ಚೀಟಿ ಕೇಳಿಲ್ಲ. 2025ರ ಅಕ್ಟೋಬರಿನಲ್ಲಿ ಸಹಿ ಆದದ್ದು, ಮಸೂದೆಯ ನಂಬರು ಎಬಿ 1043. ಅಕೌಂಟ್ ಮಾಡುವಾಗ ವಯಸ್ಸೋ ಹುಟ್ಟಿದ ತಾರೀಕೋ ಹೇಳಬೇಕು, ಮಕ್ಕಳದ್ದಾದರೆ ಅಪ್ಪ ಅಮ್ಮ ಹೇಳಬೇಕು, ಅಷ್ಟೇ. ಆಪ್ ಕೇಳಿದಾಗ ಸಿಸ್ಟಮ್ ತಾರೀಕು ಕೊಡುವುದಿಲ್ಲ, ಗುಂಪು ಮಾತ್ರ ಹೇಳುತ್ತದೆ: 13ಕ್ಕಿಂತ ಕೆಳಗೆ, 13ರಿಂದ 15, 16 ಮತ್ತು 17, ಇಲ್ಲವೇ 18 ತುಂಬಿದವರು. ಆದರೆ ಸಹಿ ಆದಾಗಿನ ಪಠ್ಯದಲ್ಲಿ ಲಿನಕ್ಸಿಗೆ ವಿನಾಯಿತಿ ಇರಲಿಲ್ಲ. ಕಂಪನಿಯೇ ಇಲ್ಲದೆ, ಬಿಡುವಿನಲ್ಲಿ ಕೂತು ಸಿಸ್ಟಮ್ ಕಟ್ಟುವ ನಾಲ್ಕು ಜನ ಇದನ್ನು ಹೇಗೆ ನಡೆಸಬೇಕು?

ನನ್ನ ಹೆದರಿಕೆ ಬೇರೆ. ಇವತ್ತು ಬಾಯಿಮಾತಿನ ವಯಸ್ಸು ಸಾಕು ಅನ್ನುವವರು ನಾಳೆ ಪುರಾವೆ ಕೇಳಿದರೆ, ಅದಕ್ಕೆ ಬೇಕಾದ ದಾರಿ ಎಲ್ಲ ಮೆಷಿನಿನಲ್ಲೂ ಆಗಲೇ ತಯಾರಿರುತ್ತದೆ. ಪುರಾವೆ ಕೇಳಿದ ಕಡೆ ಏನಾಯಿತು ನೋಡಿ. ವಯಸ್ಸಿನ ತಕರಾರು ಬಗೆಹರಿಸಲು ಡಿಸ್ಕಾರ್ಡ್ ಎಂಬ ಚಾಟ್ ಆಪ್‌ನ ಬಳಕೆದಾರರು ಕಳಿಸಿದ ಗುರುತಿನ ಚೀಟಿಗಳ ಫೋಟೋ, ಸುಮಾರು 70,000 ಮಂದಿಯದ್ದು ಹೊರಗೆ ಹೋಗಿರಬಹುದು ಎಂದು 2025ರ ಅಕ್ಟೋಬರಿನಲ್ಲಿ ಕಂಪನಿಯೇ ಹೇಳಿತು. ಸೋರಿದ್ದು ಗ್ರಾಹಕ ಸೇವೆಗೆ ಇಟ್ಟುಕೊಂಡಿದ್ದ ಹೊರಗಿನ ಸಂಸ್ಥೆಯಿಂದ. ಜೆರಾಕ್ಸ್ ಅಂಗಡಿಯ ಕಥೆಯೇ ಅಲ್ವಾ ಅಕ್ಕ, ಗಾತ್ರ ದೊಡ್ಡದು.

ಬದಿಯಡ್ಕ_ಮಾಷ್ಟ್ರು
ನಮ್ಮ ಲ್ಯಾಬಿನಲ್ಲಿ ಒಂದು ಮೆಷಿನಿಗೆ ಮೂರು ಮಕ್ಕಳು, ಲಾಗಿನ್ ಒಂದೇ. ಅದರಲ್ಲಿ ಒಬ್ಬನಿಗೆ 12, ಇನ್ನೊಬ್ಬಳಿಗೆ 14. ಒಂದು ಮೆಷಿನಿಗೆ ಒಬ್ಬರೇ ಯಜಮಾನರು ಅಂತ ಗ್ರಹಿಸಿ ಬರೆದ ನಿಯಮ ನಮ್ಮ ಬೆಂಚಿಗೆ ಹೊಂದುವುದಿಲ್ಲ.

ಭಾರತದ ಕಾನೂನು ಬೇರೆ. 2023ರ ಡಿಪಿಡಿಪಿ ಕಾಯ್ದೆಯಲ್ಲಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ) 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ಖಚಿತ ಅಂತ ನೋಡಿಕೊಳ್ಳುವ ಹೊಣೆ ಮಾಹಿತಿ ತೆಗೆದುಕೊಳ್ಳುವವರದ್ದು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಈ ಭಾಗಕ್ಕೆ ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಆಧಾರ್ ಕಾಪಿಯೇ ಬೇಕು ಅಂತ ಅದರಲ್ಲಿ ಇಲ್ಲ, ಡಿಜಿಲಾಕರ್ ಮೂಲಕ ಟೋಕನ್ (ಗುರುತು, ವಯಸ್ಸು ಖಚಿತ ಅಂತ ತಿಳಿಸುವ ಡಿಜಿಟಲ್ ಸಂಕೇತ) ಕೊಟ್ಟರೂ ಆಗುತ್ತದೆ. ಎಲ್ಲಾದರೂ ಕಾಪಿಯೇ ಬೇಕೆಂದರೆ ಮಾಸ್ಕ್ಡ್ ಆಧಾರ್ ಕೊಡಿ, ಸಂಖ್ಯೆಯ ಕೊನೆಯ 4 ಅಂಕೆ ಮಾತ್ರ ಕಾಣುತ್ತದೆ.

ಮನೆಯಲ್ಲಿ ಇವತ್ತೇ ಮಾಡಬಹುದಾದದ್ದು: ಸೆಟ್ಟಿಂಗ್ಸಿನ ಯೂಸರ್ಸ್‌ನಲ್ಲಿ ಮಗಳಿಗೆ ಬೇರೆ ಅಕೌಂಟ್, ಅಡ್ಮಿನ್ ಅಧಿಕಾರ ಬೇಡ. ನಿಮ್ಮ ಸೊಸೈಟಿ ಲೆಕ್ಕವೂ ಭದ್ರ.

ಮುಳ್ಳೇರಿಯ೭೧
ಪುರಾವೆಯ ಮಾತು ಬಂದರೆ ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ. ನನ್ನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರು ಕನ್ನಡದ ಉಚ್ಚಾರದಂತೆ ಇದೆ, ಆಧಾರ್‌ನಲ್ಲಿ ಮಲಯಾಳಂ ಬರವಣಿಗೆಗೆ ಹೊಂದಿಸಿದಂತೆ ಇದೆ. ಮನುಷ್ಯ ನೋಡಿದರೆ ಒಂದೇ ಅಂತ ಗೊತ್ತಾಗುತ್ತದೆ, ಮೆಷಿನಿಗೆ ಗೊತ್ತಾಗುವುದಿಲ್ಲ. ಸರಿ ಮಾಡಿಸಲು ಮೂರು ಸಲ ಓಡಾಡಿದ್ದೇನೆ. ಲ್ಯಾಪ್‌ಟಾಪ್ ತೆರೆಯಲೂ ಹೀಗೇ ಓಡಾಡಬೇಕೇ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆಧಾರ್ ವಿಷಯದಲ್ಲಿ ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ಮರೆಯಬಾರದು.

ಪೆರ್ಲದಿಂದ
ಮಾಷ್ಟ್ರೇ, ಮಗಳಿಗೆ ಬೇರೆ ಅಕೌಂಟ್ ಮಾಡಿದೆ, ಹತ್ತು ನಿಮಿಷವೂ ಬೇಕಾಗಲಿಲ್ಲ. ಮಾಸ್ಕ್ಡ್ ಆಧಾರ್ ಕೂಡ ಇಳಿಸಿಕೊಂಡೆ, ಇಷ್ಟು ದಿನ ಯಾರೂ ಹೇಳಿರಲಿಲ್ಲ. ಮಾವನಿಗೂ ಒಂದು ಅಕೌಂಟ್ ಮಾಡಲು ಹೊರಟೆ, ಅವರ ಹುಟ್ಟಿದ ತಾರೀಕು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ದಾಖಲೆಯಲ್ಲಿರುವುದು ಶಾಲೆಗೆ ಸೇರಿಸುವಾಗ ಬರೆಸಿದ್ದು. ಸದ್ಯ ಲಿನಕ್ಸ್ ಅದನ್ನು ಕೇಳಲಿಲ್ಲ.